ಫಿಗರ್ ಸ್ಕೇಟಿಂಗ್: ಯಾರು ಯಾವ ಗುಂಪಿಗೆ?

ನಮ್ಮ ಕೊಡವ ಕೌಟುಂಬಿಕ ಹಾಕಿಯಲ್ಲಿ ಈ ತಲೆಬಿಸಿ ಇಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಶುರು ಮಾಡಿದ ಆಟ ಅದು. ಒಕ್ಕ, ಅಂದರೆ ಮನೆತನ, ಒಂದೇ ಆದರೆ ಸಾಕು, ಅಜ್ಜನೂ ಮೊಮ್ಮಗನೂ ಒಂದೇ ತಂಡ. ಐಸ್ ಮೇಲೆ ಜಾರುತ್ತಾ ಜಿಗಿದು, ಸುತ್ತಿ ಆಡುವ ಫಿಗರ್ ಸ್ಕೇಟಿಂಗ್ ಹಾಗಲ್ಲ. ಕೊಡಗಿನಲ್ಲಿ ಮಂಜು ಬೇಕಾದಷ್ಟಿದೆ, ಜಾರಿ ಆಡುವ ಐಸ್ ಅಂಗಳ (ರಿಂಕ್) ಮಾತ್ರ ಇಲ್ಲ. ಆದರೆ ಅಮೆರಿಕದಿಂದ ಮಗಳು ಫೋನ್ ಮಾಡಿ, "ನಿಮ್ಮ ಮೊಮ್ಮಗಳು ಜುವೆನೈಲ್‌ಗೆ ಹೋದಳು" ಎಂದರೆ ಖುಷಿಪಡಬೇಕೋ ಬೇಡವೋ ಗೊತ್ತಾಗಬೇಕಲ್ವಾ?

ಮೊದಲು ಜುಲೈ 1 ನೋಡಿ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ವಯಸ್ಸು ಲೆಕ್ಕ ಹಾಕುವುದು ಆ ದಿನಕ್ಕೆ. ಒಂಟಿಯಾಗಿ ಆಡುವವರಿಗೆ ಅಷ್ಟರೊಳಗೆ 13 ತುಂಬಿದ್ದು, 19 ತುಂಬಿರದಿದ್ದರೆ ಜೂನಿಯರ್. ಸೀನಿಯರ್‌ಗೆ ಮೊದಲು 15 ಸಾಕಿತ್ತು. ಎಳೆಯ ಮಕ್ಕಳ ದೇಹ, ಮನಸ್ಸಿನ ಮೇಲೆ ಒತ್ತಡ ಜಾಸ್ತಿ ಎಂದು 2022ರಲ್ಲಿ ನಿಯಮ ಬದಲಿಸಿದರು. 2024-25ರಿಂದ 17 ಬೇಕು. ಒಳ್ಳೆಯದೇ ಆಯಿತು.

ನಂತರ ಪರೀಕ್ಷೆ. ದೇಶದೊಳಗಿನ ಸ್ಪರ್ಧೆಗಳ ಲೆಕ್ಕ ಬೇರೆ. ಅಮೆರಿಕದಲ್ಲಿ ಜುವೆನೈಲ್, ಇಂಟರ್‌ಮೀಡಿಯೆಟ್, ನೊವಿಸ್, ಜೂನಿಯರ್, ಸೀನಿಯರ್ ಎಂದು ಮೆಟ್ಟಿಲುಗಳಿವೆ. ಪರೀಕ್ಷೆ ಪಾಸಾದರೆ ಮಾತ್ರ ಮೇಲಿನದಕ್ಕೆ ಹೋಗಬಹುದು. ಜುವೆನೈಲ್‌ಗಿಂತ ಕೆಳಗೂ ಹಂತಗಳಿವೆ, ಹಾಗಾಗಿ ಧಾರಾಳವಾಗಿ ಖುಷಿಪಡಿ. ಇಲ್ಲಿ ವಯಸ್ಸಿಗಿಂತ ಕೈಗೂಡಿದ ವಿದ್ಯೆ ದೊಡ್ಡದು. ಅಲಿಸಾ ಲಿಯು 2019ರಲ್ಲಿ 13ನೇ ವಯಸ್ಸಿಗೇ ಅಲ್ಲಿನ ಸೀನಿಯರ್ ರಾಷ್ಟ್ರೀಯ ಚಾಂಪಿಯನ್ ಆದಳು. ಆದರೆ ವಿಶ್ವ ಸೀನಿಯರ್ ಸ್ಪರ್ಧೆಗೆ ವಯಸ್ಸು ಸಾಲಲಿಲ್ಲ!

ದೊಡ್ಡವರ ಅಂತರರಾಷ್ಟ್ರೀಯ ಸ್ಪರ್ಧೆಗಳಾದರೆ ಒಬ್ಬೊಬ್ಬರಿಗೂ ಎರಡು ಚೀಟಿ. ಒಂದು ವಯಸ್ಸಿನದು: 28ರಿಂದ ಮೇಲೆ ಹೆಚ್ಚುಕಡಿಮೆ ಹತ್ತು ಹತ್ತು ವರ್ಷಕ್ಕೊಂದು ಗುಂಪು. 28ಕ್ಕಿಂತ ಚಿಕ್ಕವರಿಗೆ ಬೇರೆಯದೇ ಗುಂಪು. ಇನ್ನೊಂದು ಮಟ್ಟದ್ದು: ಬ್ರಾಂಜ್, ಸಿಲ್ವರ್, ಗೋಲ್ಡ್, ಮಾಸ್ಟರ್ಸ್. ಹೆಸರು ಕೇಳಿ ಪದಕ ಎಂದುಕೊಳ್ಳಬೇಡಿ. ಇವು ಸುಮ್ನೆ ಮಟ್ಟದ ಹೆಸರುಗಳು, ಬ್ರಾಂಜ್ ಗುಂಪಿನಲ್ಲೂ ಚಿನ್ನದ ಪದಕ ಇದೆ. ಗೆರೆ ಎಳೆಯುವುದು ಜಿಗಿತಗಳು. ಮುಂದಕ್ಕೆ ಮುಖ ಮಾಡಿ ಜಿಗಿದು ಒಂದೂವರೆ ಸುತ್ತು ತಿರುಗುವ ಆಕ್ಸೆಲ್ ಬ್ರಾಂಜ್‌ನಲ್ಲಿ ಇಲ್ಲ, ಸಿಲ್ವರ್‌ನಲ್ಲಿ ಇದೆ. ಎರಡು ಸುತ್ತಿನ ಡಬಲ್ ಜಿಗಿತ ಬೇಕಾದರೆ ಗೋಲ್ಡ್‌ಗೇ ಹೋಗಬೇಕು. ಮಟ್ಟ ಮೀರಿ ಜಿಗಿದರೆ ಆ ಜಿಗಿತಕ್ಕೆ ಅಂಕ ಇಲ್ಲ. ಹಾಗಾಗಿ ಮಟ್ಟ ಆರಿಸುವಾಗ ದಿನಾ ಬೀಳದೆ ಹಾಕುವ ಜಿಗಿತವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಅಪರೂಪಕ್ಕೊಮ್ಮೆ ಕೂಡಿಬರುವುದನ್ನಲ್ಲ.

ಕೊನೆಗೆ ಪಟ್ಟಿ ಕಾಯಿರಿ. ಕ್ಲಬ್ ಸ್ಪರ್ಧೆಗಳಲ್ಲಿ ಹೆಸರು ಕೊಟ್ಟವರು ಜಾಸ್ತಿಯಾದರೆ ವಯಸ್ಸು ನೋಡಿ ಗುಂಪು ಒಡೆಯುತ್ತಾರೆ, ಕಡಿಮೆಯಾದರೆ ಎರಡನ್ನು ಸೇರಿಸುತ್ತಾರೆ. ಆ ಪಟ್ಟಿ ಹೊರಬಿದ್ದ ಮೇಲೆಯೇ ಮೊಮ್ಮಗಳ ಎದುರು ಯಾರಿದ್ದಾರೆ ಎಂದು ಕೇಳಿ.