ಕಾಲು ಚಾಚಿದ ಕಾಗದದ ಕಮಾನು

ಕಾಗದ ಮಡಿಸಿ ಮಾಡಿದ ಕಮಾನಿನ ಅಂಗೈಯಗಲದ ಮಾದರಿ ಗಟ್ಟಿಯಾಗಿ ನಿಂತಿತ್ತು. ಮೇಲೊಂದು ಪುಸ್ತಕ ಇಟ್ಟರೂ ಜಗ್ಗಲಿಲ್ಲ. ಅದೇ ಧೈರ್ಯದಲ್ಲಿ, ಜನ ಒಳಗೆ ನಡೆದು ಹೋಗುವಷ್ಟು ದೊಡ್ಡ ಕಮಾನು ಮಾಡಲು ಹೊರಟೆ.

ಆರಿಸಿಕೊಂಡದ್ದು ಯೋಶಿಮುರಾ ಎಂಬ ಮಡಿಕೆ ವಿನ್ಯಾಸ. ತೆಳು ಕೊಳವೆಯನ್ನು ಮೇಲಿಂದ ಒತ್ತಿದರೆ ವಜ್ರ ವಜ್ರವಾಗಿ ನಜ್ಜಾಗುತ್ತದಲ್ವಾ, ಅದೇ ನಮೂನೆ. ವಜ್ರದ ಅಂಚುಗಳು ಉಬ್ಬು ಮಡಿಕೆ, ನಡುವಿನ ಗೆರೆ ತಗ್ಗು ಮಡಿಕೆ. ಎಲ್ಲ ಮಡಿಸಿದರೆ ಹಾಳೆ ತಾನಾಗಿಯೇ ಬಾಗುತ್ತದೆ.

ದಪ್ಪ ಇದ್ದಷ್ಟೂ ಒಳ್ಳೆಯದು ಅಂತ 400 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂಗಳಲ್ಲಿ) ಹಾಳೆ ತಂದೆ. ಮಡಿಕೆಯಲ್ಲೇ ಬಿರಿಯಿತು. ಮಡಿಕೆ ಆಳವಾದಷ್ಟೂ ಕಮಾನಿಗೆ ಬಲ, ಬರೀ ದಪ್ಪ ನಂಬಿದರೆ ಆಗದು. 250ಕ್ಕೆ ಇಳಿದೆ. ಕಾಗದಕ್ಕೂ ಮರದ ಹಾಗೆ ನಾರಿನ ದಿಕ್ಕಿದೆ. ನಾರಿನುದ್ದಕ್ಕೆ ಮಡಿಕೆ ನೀಟಾಗಿ ಬರುತ್ತದೆ, ಅಡ್ಡಕ್ಕೆ ಮಡಿಸಿದರೆ ಸಿಡಿಯುತ್ತದೆ. ಇಲ್ಲಿ ಮಡಿಕೆಗಳು ಮೂರು ದಿಕ್ಕಿಗೆ ಓಡುತ್ತವೆ, ಹಾಗಾಗಿ ಉದ್ದದ ತಗ್ಗು ಮಡಿಕೆಗಳನ್ನು ನಾರಿಗೆ ಹೊಂದಿಸಿದೆ.

ಮಡಿಕೆಯ ಗೆರೆ ಗೀರಲು ಇಂಕು ಮುಗಿದ ಬಾಲ್‌ಪೆನ್ ಸಾಕು. ಒಂದು ಬಗೆಯ ಮಡಿಕೆಗಳನ್ನು ಮುಂದಿನಿಂದ ಗೀರಿದೆ. ಗುರುತಿಗೆ ಪ್ರತಿ ಮೂಲೆಗೂ ಸೂಜಿ ಚುಚ್ಚಿ, ಹಾಳೆ ತಿರುಗಿಸಿ, ಹಿಂದಿನಿಂದ ಉಳಿದ ಗೆರೆ ಗೀರಿದೆ. ಒಂದು ಮೂಲೆಯಲ್ಲಿ ಆರು ಮಡಿಕೆ ಸೇರುತ್ತವೆ, ಹರಿಯುವುದೂ ಅಲ್ಲೇ. ಪಂಚ್‌ನಿಂದ ಸಣ್ಣ ತೂತು ಹಾಕಿದ ಮೇಲೆ ಹರಿಯಲಿಲ್ಲ.

ಮಡಿಸುವುದು ಒಬ್ಬರ ಕೆಲಸವಲ್ಲ. ಒಂದೊಂದೇ ಮಡಿಕೆ ಪೂರ್ತಿ ಮುಗಿಸುತ್ತಾ ಹೋದರೆ ಪಕ್ಕದ್ದು ಬಿಚ್ಚಿಕೊಳ್ಳುತ್ತದೆ. ನಾಲ್ಕು ಜನ ಸುತ್ತ ಕೂತು, ಎಲ್ಲವನ್ನೂ ಒಟ್ಟಿಗೆ ಚೂರು ಚೂರೇ ಒಳಗೆ ತಳ್ಳಿದೆವು.

ನಿಲ್ಲಿಸಿದ ಗಳಿಗೆಯಲ್ಲೇ ಕಾಲುಗಳು ನೆಲದ ಮೇಲೆ ಜಾರಿ ಅಗಲವಾದವು, ನೆತ್ತಿ ಕುಸಿಯಿತು. ಪುಟ್ಟ ಮಾದರಿಯಲ್ಲಿ ಇದು ಗೊತ್ತೇ ಆಗಿರಲಿಲ್ಲ, ಮೇಜಿನ ಹಿಡಿತವೇ ಸಾಕಾಗಿತ್ತು. ಪ್ಲೈವುಡ್ ಹಲಗೆಯ ಎರಡೂ ಬದಿಗೆ ಮರದ ಪಟ್ಟಿ ಹೊಡೆದು, ಕಾಲುಗಳನ್ನು ಆ ಸಂದಿಯಲ್ಲಿ ಕೂರಿಸಿದೆ. ಆಗ ನಿಂತಿತು.

ರಾತ್ರಿ ಮಳೆ ಬಂತು. ನೀರು ತಾಗಿರಲಿಲ್ಲ, ಬರೀ ತೇವದ ಗಾಳಿ. ಬೆಳಿಗ್ಗೆ ನೋಡಿದರೆ ತುದಿಯ ಎರಡು ಸಾಲುಗಳು ಕಿವಿ ಜೋತುಬಿಟ್ಟಿದ್ದವು. ಅಂಚಿನ ವಜ್ರಗಳಿಗೆ ಒಂದು ಬದಿಯಲ್ಲಿ ಆಸರೆಯೇ ಇಲ್ಲ ನೋಡಿ. ಅಂಚನ್ನು ಒಳಕ್ಕೆ ಮಡಚಿ ಎರಡು ಪದರ ಮಾಡಿ ಅಂಟಿಸಿದೆ, ವಾರ್ನಿಶ್ ಹೊಡೆದೆ. ಒಮ್ಮೆ ಮೆತ್ತಗಾದ ಮಡಿಕೆಗಳು ಮಾತ್ರ ಮತ್ತೆ ಮೊದಲಿನ ಬಿಗಿಗೆ ಬರಲಿಲ್ಲ. ಆ ಸಾಲುಗಳನ್ನು ಕತ್ತರಿಸಿ ತೆಗೆದೆ, ಕಮಾನು ಎರಡು ಸಾಲು ಗಿಡ್ಡವಾಗಿಯೇ ಪ್ರದರ್ಶನಕ್ಕೆ ಹೋಯಿತು.