ಪಕ್ಕದ ರಾಜ್ಯದಲ್ಲಿ ಗಾಡಿ ಅಗ್ಗವೇ? ರೋಡ್ ಟ್ಯಾಕ್ಸ್ ಹೋಲಿಸುವ ಮುನ್ನ ಇದನ್ನು ಓದಿ

ಬೆಳಗಾವಿಯವರು ಕೊಲ್ಹಾಪುರದ ರೇಟು ಕೇಳುತ್ತಾರೆ. ಬೆಂಗಳೂರಿನವರು ಹೊಸೂರಿನದು ಕೇಳುತ್ತಾರೆ, ದೆಹಲಿಯ ಸೆಕೆಂಡ್ ಹ್ಯಾಂಡ್ ಕಾರಿನ ಜಾಹೀರಾತು ನೋಡುತ್ತಾರೆ. ಎರಡು ಊರಿನ ಆನ್‌ರೋಡ್ ಬೆಲೆ ಪಕ್ಕಪಕ್ಕ ಬರೆದು, ಕಳೆದು, ಇಷ್ಟು ಉಳೀತು ಅಂತ ತೀರ್ಮಾನಿಸಿಬಿಡುತ್ತಾರೆ. ಆಮೇಲೆ ಇಲ್ಲಿನ ಆರ್‌ಟಿಒದಲ್ಲಿ ಮತ್ತೊಮ್ಮೆ ತೆರಿಗೆ ಕಟ್ಟುವಾಗ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಗೆಳೆಯರು, ನೆಂಟರು ಹೀಗೆ ದುಡ್ಡು ಕಳೆದುಕೊಳ್ಳುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ. ಲೆಕ್ಕ ಕಷ್ಟದ್ದಲ್ಲ. ಯಾವುದರ ಮೇಲೆ ಲೆಕ್ಕ ಹಾಕಬೇಕು ಅನ್ನುವುದರಲ್ಲೇ ಎಲ್ಲರೂ ಎಡವುವುದು.

ಹಂತ 1: ಗಾಡಿ ಎಲ್ಲಿ ನಿಲ್ಲುತ್ತದೆ?

ಮೋಟಾರು ವಾಹನ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ನೀವು ವಾಸವಿರುವ ಅಥವಾ ವ್ಯವಹಾರ ನಡೆಸುವ, ಗಾಡಿ ಸಾಮಾನ್ಯವಾಗಿ ನಿಲ್ಲುವ ಜಾಗದಲ್ಲೇ ನೋಂದಣಿ ಆಗಬೇಕು. ಬೇರೆ ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳು ದಾಟಿ ಉಳಿದರೆ ಹೊಸ ನಂಬರ್ ಪಡೆಯಬೇಕು ಅನ್ನುತ್ತದೆ 47ನೇ ಸೆಕ್ಷನ್. ಹಾಗಾಗಿ ‘ಯಾವ ರಾಜ್ಯ ಅಗ್ಗ’ ಅನ್ನುವ ಪ್ರಶ್ನೆ, ನಿಜವಾಗಿ ಎರಡು ಕಡೆ ಮನೆ ಇರುವವರಿಗೆ ಅಥವಾ ವರ್ಗವಾಗುವ ಕೆಲಸದಲ್ಲಿ ಇರುವವರಿಗೆ ಮಾತ್ರ. ಉಳಿದವರಿಗೆ ಸುಮ್ನೆ ತಲೆನೋವು.

ಪರಿಚಯದವರ ವಿಳಾಸ ಕೊಟ್ಟು ಹೊರಗೆ ನೋಂದಣಿ ಮಾಡಿಸುವ ಸಲಹೆ ಯಾರೇ ಕೊಟ್ಟರೂ ಕೇಳಬೇಡಿ. ಪುದುಚೇರಿಯ ಸುಳ್ಳು ವಿಳಾಸದಲ್ಲಿ ಐಷಾರಾಮಿ ಕಾರು ನೋಂದಾಯಿಸಿದ ಪ್ರಕರಣಗಳು ಕೇರಳದಲ್ಲಿ 2017ರಲ್ಲಿ ದೊಡ್ಡ ಸುದ್ದಿಯಾದವು. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಓಡಾಡುತ್ತಿದ್ದ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿ ಕಾರಿನಿಂದ ನಮ್ಮ ಸಾರಿಗೆ ಇಲಾಖೆ ಸುಮಾರು 1.41 ಕೋಟಿ ರೂಪಾಯಿ ವಸೂಲಿ ಮಾಡಿತು.

ಹಂತ 2: ಆನ್‌ರೋಡ್ ಬೆಲೆಯನ್ನು ಬಿಡಿಸಿ

ಶೋರೂಂನವರ ಕೊಟೇಶನ್‌ನಿಂದ ಎಕ್ಸ್-ಶೋರೂಂ ಬೆಲೆ (ರೋಡ್ ಟ್ಯಾಕ್ಸ್, ವಿಮೆ ಸೇರುವ ಮೊದಲಿನ ಬೆಲೆ) ಮತ್ತು ರೋಡ್ ಟ್ಯಾಕ್ಸ್ ಎರಡನ್ನೇ ಬೇರೆ ಹಾಳೆಗೆ ಇಳಿಸಿಕೊಳ್ಳಿ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಎಕ್ಸ್-ಶೋರೂಂ ಬೆಲೆ ರಾಜ್ಯದಿಂದ ರಾಜ್ಯಕ್ಕೆ ಹೆಚ್ಚು ಬದಲಾಗುವುದಿಲ್ಲ. ನೋಂದಣಿ ಶುಲ್ಕವೂ ಕೇಂದ್ರ ಗೊತ್ತುಪಡಿಸಿದ್ದು, ಕಾರಿಗೆ 600, ಬೈಕಿಗೆ 300 ರೂಪಾಯಿ, ಎಲ್ಲ ಕಡೆ ಅಷ್ಟೇ. ವಾಹನದ ಮೇಲಿನ ತೆರಿಗೆ ಮಾತ್ರ ಸಂವಿಧಾನದ ರಾಜ್ಯ ಪಟ್ಟಿಯಲ್ಲಿದೆ. ವ್ಯತ್ಯಾಸವೆಲ್ಲ ಅಲ್ಲಿಂದಲೇ ಹುಟ್ಟುವುದು.

ವಿಮೆ, ಫಾಸ್ಟ್ಯಾಗ್, ಎಕ್ಸ್‌ಟೆಂಡೆಡ್ ವಾರಂಟಿ ಬಿಟ್ಟುಬಿಡಿ. 10 ಲಕ್ಷ ದಾಟಿದ ಕಾರಿಗೆ ಹಾಕುವ ಶೇ 1 ಟಿಸಿಎಸ್ ಕೂಡ ಬಿಡಿ. ಅದು ಆದಾಯ ತೆರಿಗೆಗೆ ಸೇರಿದ್ದು, ರಿಟರ್ನ್ ಸಲ್ಲಿಸುವಾಗ ನಿಮ್ಮ ಲೆಕ್ಕಕ್ಕೆ ಸಿಗುತ್ತದೆ. ‘ಹ್ಯಾಂಡ್ಲಿಂಗ್ ಚಾರ್ಜ್’ ಅಂತ ಒಂದು ಸಾಲು ಕಂಡರೆ ಅದನ್ನು ತೆಗೆಸಿಯೇ ಮುಂದಿನ ಮಾತು ಆಡಿ.

ಹಂತ 3: ಸ್ಲ್ಯಾಬ್ ಹುಡುಕಿ, ಇಲ್ಲಿ ನಿಧಾನ ಮಾಡಿ

ಕರ್ನಾಟಕದಲ್ಲಿ ಹೊಸ ಕಾರಿನ ಜೀವಾವಧಿ ತೆರಿಗೆ, ಅಂದರೆ ಒಂದೇ ಸಲ ಕಟ್ಟುವ ರೋಡ್ ಟ್ಯಾಕ್ಸ್ ಹೀಗಿದೆ: 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದಕ್ಕೂ ಮೇಲೆ ಶೇ 18. ತಮಿಳುನಾಡಿನಲ್ಲಿ ಇವೇ ಮಿತಿಗಳಿಗೆ ಶೇ 12, 13, 18, 20. ಮಹಾರಾಷ್ಟ್ರದಲ್ಲಿ ಇಂಧನವೂ ಲೆಕ್ಕಕ್ಕೆ ಬರುತ್ತದೆ. ಪೆಟ್ರೋಲ್ ಕಾರಿಗೆ 10 ಲಕ್ಷದವರೆಗೆ ಶೇ 11, 20 ಲಕ್ಷದವರೆಗೆ ಶೇ 12, ಮೇಲೆ ಶೇ 13. ಡೀಸೆಲ್ ಆದರೆ ಎಲ್ಲಕ್ಕೂ ಶೇ 2 ಜಾಸ್ತಿ. ದೆಹಲಿಯಲ್ಲಿ ಪೆಟ್ರೋಲ್ ಕಾರಿಗೆ 6 ಲಕ್ಷದವರೆಗೆ ಶೇ 4, 10 ಲಕ್ಷದವರೆಗೆ ಶೇ 7, ಮೇಲೆ ಶೇ 10.

ಮೊದಲ ತಪ್ಪು ಆಗುವುದು ಸೆಸ್‌ನಲ್ಲಿ. ಕರ್ನಾಟಕದಲ್ಲಿ ತೆರಿಗೆಯ ಮೇಲೆ ಶೇ 11 ಸೆಸ್ ಇದೆ. ಗಾಡಿಯ ಬೆಲೆಯ ಮೇಲಲ್ಲ, ತೆರಿಗೆಯ ಮೇಲೆ. ಅಂದರೆ ಶೇ 17 ಅಂದದ್ದು ಕೈಗೆ ಬರುವಾಗ ಶೇ 18.87 ಆಗಿರುತ್ತದೆ. ಇದರ ಜೊತೆಗೆ 2025ರ ಫೆಬ್ರವರಿಯಿಂದ ಹೊಸ ಕಾರಿಗೆ 1,000, ಬೈಕಿಗೆ 500 ರೂಪಾಯಿಯ ಇನ್ನೊಂದು ಸೆಸ್ ಸೇರಿದೆ.

12 ಲಕ್ಷದ ಪೆಟ್ರೋಲ್ ಕಾರು ತೆಗೆದುಕೊಳ್ಳಿ. ಕರ್ನಾಟಕದಲ್ಲಿ ತೆರಿಗೆ 2,04,000, ಶೇ 11 ಸೆಸ್ 22,440, ಆ 1,000 ಬಿಟ್ಟು ಒಟ್ಟು 2,26,440 ರೂಪಾಯಿ. ತಮಿಳುನಾಡಿನಲ್ಲಿ 2,16,000. ಮಹಾರಾಷ್ಟ್ರದಲ್ಲಿ 1,44,000. ದೆಹಲಿಯಲ್ಲಿ 1,20,000. ಹೊಸೂರಿಗೆ ಹೋಗಿ ಉಳಿಸುವುದು 10 ಸಾವಿರ ಚಿಲ್ಲರೆ ಅಷ್ಟೇ. ಅದೇ ಕಾರನ್ನು ಮಹಾರಾಷ್ಟ್ರದಲ್ಲಿ ಕಂಪನಿ ಹೆಸರಿಗೆ ತೆಗೆದುಕೊಂಡರೆ ಅಲ್ಲಿ ಶೇ 20, ಅಂದರೆ 2,40,000. ಅಗ್ಗದ ರಾಜ್ಯವೇ ಆಗ ತುಟ್ಟಿ. ಆರ್‌ಸಿ (ನೋಂದಣಿ ಪತ್ರ) ಯಾರ ಹೆಸರಿಗೆ ಬರುತ್ತದೆ ಅಂತ ಮೊದಲೇ ಗೊತ್ತಿರಲಿ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಆದಾಯ ತೆರಿಗೆಯ ಹಾಗೆ ಮಿತಿ ದಾಟಿದ ಭಾಗಕ್ಕೆ ಮಾತ್ರ ಹೆಚ್ಚಿನ ದರ ಬೀಳುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಇಲ್ಲಿ ಹಾಗಿಲ್ಲ. ಮಿತಿ ದಾಟಿದರೆ ಪೂರ್ತಿ ಬೆಲೆಗೆ ಹೊಸ ದರ. 9,98,000 ರೂಪಾಯಿಯ ಕಾರಿಗೆ ಕರ್ನಾಟಕದಲ್ಲಿ ಶೇ 11 ಸೆಸ್ ಸೇರಿ 1,55,089 ರೂಪಾಯಿ. ಅದೇ ಕಾರಿನ ಎರಡು ಬಣ್ಣದ ಮಾಡೆಲ್‌ಗೆ 10,000 ರೂಪಾಯಿ ಜಾಸ್ತಿ ಅಂತಿಟ್ಟುಕೊಳ್ಳಿ. ಬೆಲೆ 10,08,000 ಆಯಿತು, ತೆರಿಗೆ 1,90,210ಕ್ಕೆ ಹಾರಿತು. ಮೇಲ್ಛಾವಣಿಯ ಕಪ್ಪು ಬಣ್ಣಕ್ಕೆ ನೀವು ಕೊಟ್ಟದ್ದು 10,000 ಅಲ್ಲ, 45,000. ತಮಿಳುನಾಡಿನಲ್ಲಿ ಈ ಜಾಗದಲ್ಲಿ ತೆರಿಗೆಯೊಂದೇ 51,700 ಏರುತ್ತದೆ. 10 ಲಕ್ಷದ ಅಂಚಿನಲ್ಲಿರುವವರು ಒಂದು ಮೆಟ್ಟಿಲು ಕೆಳಗಿನ ಮಾಡೆಲ್ ತೆಗೆದುಕೊಳ್ಳಿ, ಅದೇ ಸರಿ. ಸೀಟ್ ಕವರ್, ಮ್ಯಾಟ್, ಫಾಗ್ ಲ್ಯಾಂಪ್‌ಗಳನ್ನು ಗಾಡಿಯ ಇನ್‌ವಾಯ್ಸ್‌ಗೆ ಸೇರಿಸದೆ ಬೇರೆ ಬಿಲ್ ಮಾಡಿಸಿ.

ಬೈಕಿನವರಿಗೂ ಇದೇ ಕಥೆ. ಕರ್ನಾಟಕದಲ್ಲಿ 1 ಲಕ್ಷದವರೆಗೆ ಶೇ 12 ಇದ್ದದ್ದು ದಾಟಿದೊಡನೆ ಶೇ 18.

ದರ ಹುಡುಕುವಾಗ ಒಂದು ಎಚ್ಚರ. ಅಂತರ್ಜಾಲದಲ್ಲಿ ಹಳೆಯ ಪಟ್ಟಿಗಳು ಹಾಗೇ ಬಿದ್ದಿವೆ. ತಮಿಳುನಾಡು 2023ರ ನವೆಂಬರ್‌ನಲ್ಲಿ ದರ ಏರಿಸಿತು. 12 ಲಕ್ಷದ ಕಾರಿಗೆ ಅಲ್ಲಿ ಶೇ 15 ಅಂತ ತೋರಿಸುವ ಜಾಲತಾಣವನ್ನು ಅಲ್ಲೇ ಮುಚ್ಚಿ, ಅದರ ಬೇರೆ ಯಾವ ಅಂಕಿಯನ್ನೂ ನಂಬಬೇಡಿ. ಕೇಂದ್ರ ಸರ್ಕಾರದ ಪರಿವಾಹನ್ ಜಾಲತಾಣ ಅಥವಾ ಆಯಾ ರಾಜ್ಯದ ಸಾರಿಗೆ ಇಲಾಖೆಯ ಪುಟವೇ ಲೇಸು. ಎಲೆಕ್ಟ್ರಿಕ್ ಗಾಡಿಯವರಂತೂ ಬುಕ್ ಮಾಡುವ ವಾರವೇ ನೋಡಿ, ಅವುಗಳ ನಿಯಮ ಬೇಗ ಬೇಗ ಬದಲಾಗುತ್ತಿದೆ. 25 ಲಕ್ಷ ದಾಟಿದ ಇ-ಕಾರಿಗೆ ಕರ್ನಾಟಕ ಶೇ 10 ತೆರಿಗೆ ತಂದದ್ದು 2024ರಲ್ಲಿ.

ಹಂತ 4: ಹಳೆಯ ಗಾಡಿಯಾದರೆ ಮೊದಲ ಇನ್‌ವಾಯ್ಸ್ ಕೇಳಿ

ಅತಿ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲಿ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗೆ ನಿರ್ಬಂಧ ಬಂದಾಗಿನಿಂದ 8, 9 ವರ್ಷದ ಡೀಸೆಲ್ ಕಾರುಗಳು ಅಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಕೊಳ್ಳುವವರು ತೆರಿಗೆಯನ್ನು ತಾವು ಕೊಟ್ಟ ಬೆಲೆಯ ಮೇಲೆ ಲೆಕ್ಕ ಹಾಕುತ್ತಾರೆ. ಇಲಾಖೆ ನೋಡುವುದು ಕಾರು ಹೊಸದಾಗಿದ್ದಾಗಿನ ಬೆಲೆ.

ಕರ್ನಾಟಕದಲ್ಲಿ ಹೊಸ ಗಾಡಿಯ ತೆರಿಗೆಯಲ್ಲಿ ವಯಸ್ಸಿಗೆ ತಕ್ಕಷ್ಟು ಭಾಗ ಕಟ್ಟಬೇಕು. 2 ವರ್ಷದೊಳಗಿನದಕ್ಕೆ ಶೇ 93, 4ರಿಂದ 5 ವರ್ಷದ್ದಕ್ಕೆ ಶೇ 75, 8ರಿಂದ 9 ವರ್ಷದ್ದಕ್ಕೆ ಶೇ 54, ಹೀಗೆ ಇಳಿಯುತ್ತ 15 ವರ್ಷ ದಾಟಿದರೆ ಶೇ 25.

ಎಂಟೂವರೆ ವರ್ಷದ ಡೀಸೆಲ್ ಕಾರು, ಆಗಿನ ಬೆಲೆ 15 ಲಕ್ಷ, ನಿಮಗೆ 4 ಲಕ್ಷಕ್ಕೆ ಸಿಕ್ಕಿತು ಅನ್ನೋಣ. 15 ಲಕ್ಷಕ್ಕೆ ಶೇ 17 ಅಂದರೆ 2,55,000. ಅದರಲ್ಲಿ ಶೇ 54 ಅಂದರೆ 1,37,700. ಶೇ 11 ಸೆಸ್ ಸೇರಿ 1,52,847. 4 ಲಕ್ಷದ ಮೇಲೆ ಶೇ 13 ಅಂತ 52,000 ಎತ್ತಿಟ್ಟವರಿಗೆ ಇನ್ನೂ 1 ಲಕ್ಷ ಹೊಂದಿಸಬೇಕಾಗುತ್ತದೆ. ಮಾತುಕತೆ ಶುರುವಾಗುವ ಮೊದಲೇ ಮೂಲ ಇನ್‌ವಾಯ್ಸ್‌ನ ಫೋಟೊ ತರಿಸಿಕೊಳ್ಳಿ. ಅದು ಕೊಡದ ಮಾರಾಟಗಾರರಿಂದ ಗಾಡಿ ಕೊಳ್ಳಬೇಡಿ.

ಹಂತ 5: ಎನ್‌ಒಸಿ

ಗಾಡಿಯನ್ನು ಬೇರೆ ರಾಜ್ಯಕ್ಕೆ ಒಯ್ಯಲು ನಮ್ಮ ಆಕ್ಷೇಪವಿಲ್ಲ ಅನ್ನುವ ಪತ್ರ ಇದು. ಹಳೆಯ ಆರ್‌ಟಿಒದಿಂದ ನಮೂನೆ 28ರಲ್ಲಿ ಪಡೆಯಬೇಕು. ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ, ಬಾಕಿ ದಂಡ ಪಾವತಿ, ಚಾಲ್ತಿಯಲ್ಲಿರುವ ವಿಮೆ ಮತ್ತು ಎಮಿಷನ್ ಸರ್ಟಿಫಿಕೇಟ್ ಬೇಕು. ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ಕೇಳುತ್ತಾರೆ. ನಂಬರ್ ಕೊರೆದ ಜಾಗದ ಮಣ್ಣು, ಗ್ರೀಸ್ ಚೆನ್ನಾಗಿ ಒರೆಸಿ, ತೆಳು ಕಾಗದ ಇಟ್ಟು, ಪೆನ್ಸಿಲ್ ಮೊನೆಯನ್ನು ಅಡ್ಡಲಾಗಿ ಮಲಗಿಸಿ ಹಗುರವಾಗಿ ಉಜ್ಜಿ. ಒತ್ತಿ ಉಜ್ಜಿದರೆ 8 ಮತ್ತು 3 ಒಂದೇ ಥರ ಕಾಣುತ್ತವೆ, ಅರ್ಜಿ ವಾಪಸ್ ಬರುತ್ತದೆ. ಎರಡು ಮೂರು ಪ್ರತಿ ಒಟ್ಟಿಗೇ ತೆಗೆದಿಟ್ಟುಕೊಳ್ಳಿ, ಹೊಸ ಊರಿನಲ್ಲೂ ಬೇಕಾಗುತ್ತದೆ.

ಹಂತ 6: ಇಲ್ಲಿ ಪೂರ್ತಿ ಕಟ್ಟಿ, ಅಲ್ಲಿ ವಾಪಸ್ ಕೇಳಿ

ಹೊಸ ನಂಬರಿಗೆ ನಮೂನೆ 27. ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿನದರಲ್ಲಿ ಕಳೆಯುವುದಿಲ್ಲ. ಇಲ್ಲಿ ಪೂರ್ತಿ ಕಟ್ಟಿ, ಆಮೇಲೆ ಹಳೆಯ ರಾಜ್ಯದ ಆರ್‌ಟಿಒಗೆ ಉಳಿದ ಅವಧಿಯ ತೆರಿಗೆ ವಾಪಸ್ ಕೊಡಿ ಅಂತ ಅರ್ಜಿ ಹಾಕಬೇಕು. ಕರ್ನಾಟಕ ಬಿಟ್ಟು ಹೋಗುವವರಿಗೂ ಇದೇ ದಾರಿ. ಹಾಗಾಗಿ ಎರಡೂ ಕಡೆಯ ದುಡ್ಡು ಕೆಲಕಾಲ ನಿಮ್ಮ ಕೈಯಿಂದಲೇ ಹೋಗಿರುತ್ತದೆ ಅನ್ನುವುದು ಲೆಕ್ಕದಲ್ಲಿರಲಿ. ಈ ಅರ್ಜಿಗೆ ಹಳೆಯ ಆರ್‌ಸಿ, ಹೊಸ ಆರ್‌ಸಿ, ಎರಡೂ ತೆರಿಗೆಯ ರಸೀದಿ, ಎನ್‌ಒಸಿಯ ಪ್ರತಿ, ರದ್ದು ಮಾಡಿದ ಚೆಕ್ಕು ಜೋಡಿಸಿ. ಹಳೆಯ ಆರ್‌ಸಿ ಒಪ್ಪಿಸುವ ಮೊದಲು ಅದರ ಎರಡೂ ಬದಿ ಸ್ಕ್ಯಾನ್ ಮಾಡಿಕೊಳ್ಳಿ. ಒಪ್ಪಿಸಿದ ಮೇಲೆ ನೆನಪಾದರೆ ಪ್ರತಿಗಾಗಿ ಅಲೆದಾಟ ತಪ್ಪಿದ್ದಲ್ಲ. ಬ್ರೋಕರ್‌ಗೆ ಕಮಿಷನ್ ಒಪ್ಪಿಕೊಂಡು ಇದನ್ನು ವಹಿಸುವ ಬದಲು ನೀವೇ ಮಾಡಿ. ಅರ್ಜಿ ಸ್ವೀಕರಿಸಿದ ಮುದ್ರೆ ಹಾಕಿಸಿಕೊಂಡೇ ಹೊರಡಿ.

ಪದೇ ಪದೇ ವರ್ಗವಾಗುವವರಿಗೆ ಬಿಎಚ್ (ಭಾರತ್) ಸರಣಿಯ ನಂಬರ್ ಇದೆ, ರಾಜ್ಯ ಬದಲಾದರೂ ಅದೇ ನಂಬರ್ ಸಾಕು. 2021ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದದ್ದು. ಸರ್ಕಾರಿ ನೌಕರರು, ಸೇನೆಯವರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಸಂಸ್ಥೆಗಳವರು ಪಡೆಯಬಹುದು. ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟುತ್ತೀರಿ, ಅದೂ ಜಿಎಸ್‌ಟಿ ಬಿಟ್ಟ ಬೆಲೆಯ ಮೇಲೆ. ಎನ್‌ಒಸಿ, ರೀಫಂಡ್‌ನ ಅಲೆದಾಟ ಇಲ್ಲ. ಅರ್ಹತೆ ಇದ್ದರೆ ಇದನ್ನೇ ಮಾಡಿಸಿ. ಶೋರೂಂನವರು ‘ಅದೆಲ್ಲ ರಗಳೆ ಸರ್’ ಅಂದರೂ ಬಿಡಬೇಡಿ.

ಹೊಸ ನಂಬರ್ ಬಂದ ದಿನವೇ ವಿಮಾ ಪಾಲಿಸಿ ಮತ್ತು ಫಾಸ್ಟ್ಯಾಗ್‌ನಲ್ಲಿ ಅದನ್ನು ಬದಲಾಯಿಸಿ. ಹಳೆಯ ನಂಬರಿನ ಪಾಲಿಸಿ ಇಟ್ಟುಕೊಂಡು ಕ್ಲೇಮ್‌ಗೆ ಹೋದವರು ವಾರಗಟ್ಟಲೆ ಪತ್ರ ಬರೆಯುತ್ತ ಕೂತದ್ದುಂಟು.