ಚಿಕ್ಕಮ್ಮ ಹೋದಾಗ ನಾನು ಮಲಾವಿಯಲ್ಲಿದ್ದೆ

2023ರ ಏಪ್ರಿಲ್ ತಿಂಗಳು. ಮಲಾವಿ ದೇಶದ ದಕ್ಷಿಣಕ್ಕಿರುವ ಫಲೊಂಬೆ ಜಿಲ್ಲೆಯಲ್ಲಿ ನಮ್ಮ ತಂಡ ಕುಡಿಯುವ ನೀರಿನ ಕೆಲಸ ಮಾಡುತ್ತಿತ್ತು. ಹಿಂದಿನ ತಿಂಗಳಷ್ಟೇ ಫ್ರೆಡ್ಡಿ ಚಂಡಮಾರುತ ಬಂದು ಹೋಗಿತ್ತು. ಆಸ್ಟ್ರೇಲಿಯಾದ ಕಡೆ ಹುಟ್ಟಿ, ಇಡೀ ಹಿಂದೂ ಮಹಾಸಾಗರ ದಾಟಿ ಬಂದ ಚಂಡಮಾರುತ ಅದು. ಬೆಟ್ಟದ ಮಣ್ಣು ಕುಸಿದು ಮನೆಗಳ ಮೇಲೆ ಬಿದ್ದಿತ್ತು. ಸೇತುವೆಗಳು ಕೊಚ್ಚಿಹೋಗಿದ್ದವು. ಕಕ್ಕಸು ಗುಂಡಿಗಳು ಉಕ್ಕಿ, ಆ ಕೊಳೆ ನೀರು ಬಾವಿಗಳಿಗೂ ಬೋರ್‌ವೆಲ್‌ಗಳಿಗೂ ಇಳಿದಿತ್ತು. ಅದಕ್ಕೂ ಮೊದಲೇ, 2022ರಿಂದ, ಆ ದೇಶದಲ್ಲಿ ಕಾಲರಾ ಹರಡಿತ್ತು. ಅದು ಮುಗಿಯುವಷ್ಟರಲ್ಲಿ 1,700ಕ್ಕೂ ಹೆಚ್ಚು ಜನ ಸತ್ತರು. ಮನೆ ಕಳೆದುಕೊಂಡವರು ಶಾಲೆಗಳಲ್ಲಿ ಮಲಗುತ್ತಿದ್ದರು. ಅಂಥ ಒಂದು ಶಾಲೆಯ ಅಂಗಳದಲ್ಲಿ ನಾವು 10,000 ಲೀಟರಿನ ಟ್ಯಾಂಕ್ ಕೂರಿಸಿದ್ದೆವು.

ನನ್ನನ್ನು ಸಾಕಿ ಬೆಳೆಸಿದ್ದು ಚಿಕ್ಕಮ್ಮ. ನಾನು ಮಾಡುವ ಕೆಲಸ ಏನು ಅಂತ ಅವಳಿಗೆ ಪೂರ್ತಿ ಗೊತ್ತಿರಲಿಲ್ಲ. ಎಲ್ಲೋ ದೂರದಲ್ಲಿ ಜನಕ್ಕೆ ನೀರು ಕೊಡಿಸುತ್ತೇನೆ, ಅಷ್ಟು ಗೊತ್ತಿತ್ತು. ಯಾವಾಗ ಫೋನ್ ಮಾಡಿದರೂ ಮೊದಲು ಕೇಳುತ್ತಿದ್ದದ್ದು ಒಂದೇ: "ನೀರು ಬಂತಾ?" ಊಟ ಆಯ್ತಾ ಅನ್ನುವುದು ಆಮೇಲೆ.

ಶಾಲೆಯಿಂದ ವಾಪಸ್ ಬರುವಾಗ ದಾರಿಯಲ್ಲಿ ಒಂದು ದಿಬ್ಬ ಇದೆ. ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ಆ ಸಂಜೆ ದಿಬ್ಬ ಹತ್ತಿದ ಕೂಡಲೇ ತಮ್ಮನ, ಅಂದರೆ ಚಿಕ್ಕಮ್ಮನ ಮಗನ, ನಾಲ್ಕು ಮೆಸೇಜುಗಳು ಒಟ್ಟಿಗೆ ಬಂದವು. ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇವೆ. ಐಸಿಯುಗೆ ಹಾಕಿದ್ದಾರೆ. ಫೋನ್ ಮಾಡು. ಅಮ್ಮ ಹೋದಳು. ಒಂದು ಇಡೀ ದಿನ ಅವನು ಒಬ್ಬನೇ ಅನುಭವಿಸಿದ್ದನ್ನು ನಾನು ಅರ್ಧ ನಿಮಿಷದಲ್ಲಿ ಓದಿ ಮುಗಿಸಿದ್ದೆ. ಇವತ್ತಿಗೂ ಅದು ನನಗೆ ಸರಿ ಅನ್ನಿಸುವುದಿಲ್ಲ.

ರಜೆ ಕೇಳಿದೆ. ನಾನಿದ್ದ ಸಂಸ್ಥೆಯ ನಿಯಮದಲ್ಲಿ ಸಾವಿನ ರಜೆ ಅಪ್ಪ, ಅಮ್ಮ, ಗಂಡ ಅಥವಾ ಹೆಂಡತಿ, ಮಕ್ಕಳು, ಒಡಹುಟ್ಟಿದವರಿಗೆ ಮಾತ್ರ. ಚಿಕ್ಕಮ್ಮ ಅಲ್ಲಿ ಇಲ್ಲ. ಫೋನಿನಲ್ಲಿ ಮಾತಾಡಿದವರು ಒಳ್ಳೆಯವರೇ. ಆದರೆ "ಅವರು ನಿಮ್ಮನ್ನು ಸಾಕಿದ್ದಕ್ಕೆ ದಾಖಲೆ ಏನಾದರೂ ಇದೆಯಾ" ಅಂತ ಕೇಳಿದರು. ನಾನು ಫೋನ್ ಇಟ್ಟೆ. ರಜೆ ಸಿಕ್ಕಿದ್ದರೂ ಕೆಟ್ಟ ರಸ್ತೆಯಲ್ಲಿ ಬ್ಲಾಂಟೈರ್ ನಗರ ತಲುಪಿ, ಎರಡು ವಿಮಾನ ಬದಲಿಸಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಅಷ್ಟು ಹೊತ್ತು ಕಾಯಿಸಬೇಡಿ, ಕಾರ್ಯ ಮಾಡಿಬಿಡಿ ಅಂತ ನಾನೇ ತಮ್ಮನಿಗೆ ಹೇಳಿದೆ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋದೆ. ಯಾರಿಗೂ ಹೇಳಲಿಲ್ಲ. ಸುತ್ತ ಇದ್ದವರಲ್ಲಿ ಎಷ್ಟೋ ಜನ ಒಂದೇ ರಾತ್ರಿ ಮನೆ, ಮಕ್ಕಳು, ಜಮೀನು ಎಲ್ಲ ಕಳೆದುಕೊಂಡವರು. ಅವರ ನಡುವೆ ನಿಂತು, ಆಸ್ಪತ್ರೆಯ ಹಾಸಿಗೆ ಮೇಲೆ ತೀರಿಕೊಂಡ ವಯಸ್ಸಾದ ಚಿಕ್ಕಮ್ಮನಿಗಾಗಿ ಅಳುವುದಕ್ಕೆ ನನಗೇನು ಹಕ್ಕಿದೆ ಅನ್ನಿಸಿತು. ಈ ಕೆಲಸದಲ್ಲಿರುವ ತುಂಬಾ ಜನ ಹೀಗೆಯೇ ಯೋಚಿಸುತ್ತಾರೆ. ಅದು ತಪ್ಪು ಅಂತ ನನಗೆ ತಿಳಿದದ್ದು ಮೂರನೇ ದಿನ, ಟ್ಯಾಂಕಿನ ಹತ್ತಿರ.

ಟ್ಯಾಂಕಿಗೆ ಕ್ಲೋರಿನ್ ಹಾಕುವ ಲೆಕ್ಕ ಕಷ್ಟದ್ದಲ್ಲ. ಶೇಕಡಾ 65ರಷ್ಟು ಕ್ಲೋರಿನ್ ಇರುವ ಪುಡಿಯನ್ನು ಲೀಟರಿಗೆ ಸುಮಾರು 15 ಗ್ರಾಂನಂತೆ ಕಲಸಿದರೆ ಶೇಕಡಾ 1ರ ದ್ರಾವಣ ಆಗುತ್ತದೆ. ಆ ನೀರಿನ ಮೇಲೆ ಮಾಡಿದ್ದ ಪರೀಕ್ಷೆ ಪ್ರಕಾರ ನಮ್ಮ ಟ್ಯಾಂಕಿಗೆ ಅದು 2 ಲೀಟರ್ ಸಾಕು. ಅರ್ಧ ಗಂಟೆ ಬಿಟ್ಟು ನಲ್ಲಿಯಲ್ಲಿ ನೀರು ಹಿಡಿದು, ಮಾತ್ರೆ ಹಾಕಿ, ಬಣ್ಣ ನೋಡಬೇಕು. ತಿಳಿ ಗುಲಾಬಿ ಬರಬೇಕು. ಕಾಲರಾ ಇರುವ ಕಡೆ ನಲ್ಲಿಯಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಉಳಿಯುವಂತೆ ನಾವು ನೋಡಿಕೊಳ್ಳುತ್ತಿದ್ದೆವು. ನೂರಾರು ಸಲ ಮಾಡಿದ ಕೆಲಸ.

ಆ ದಿನ 2 ಲೀಟರ್ ಹಾಕಿದೆ. ಪುಸ್ತಕದಲ್ಲಿ ಬರೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಇನ್ನೂ ಹಾಕಿಲ್ಲ ಅಂದುಕೊಂಡು ಮತ್ತೆ 2 ಲೀಟರ್ ಹಾಕಿದೆ. ಮೊದಲ ಸಲ ಹಾಕಿದ ನೆನಪೇ ಇರಲಿಲ್ಲ. ನಮ್ಮ ತಂಡದ ಸ್ಥಳೀಯ ಹುಡುಗ ಪರೀಕ್ಷೆ ಮಾಡಿ ಟ್ಯೂಬನ್ನು ನನ್ನ ಮುಂದೆ ಹಿಡಿದ. ಬಣ್ಣದ ಪಟ್ಟಿಯ ಕೊನೆಯ ಗುಲಾಬಿಗಿಂತಲೂ ಗಾಢವಾಗಿತ್ತು. ಅಷ್ಟರಲ್ಲಿ ಸಾಲಿನಲ್ಲಿದ್ದ ಇಬ್ಬರು ಹೆಂಗಸರು ನೀರು ಮೂಸಿ ನೋಡಿ, ಬಕೆಟ್ ಎತ್ತಿಕೊಂಡು ಹಳ್ಳದ ಕಡೆ ನಡೆದಿದ್ದರು.

ಅಷ್ಟು ಕ್ಲೋರಿನ್‌ನಿಂದ ಯಾರೂ ಸಾಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 5 ಮಿಲಿಗ್ರಾಂ. ನಾನು ಎರಡು ಸಲ ಹಾಕಿದ್ದು ಸೇರಿ ಲೀಟರಿಗೆ 4 ಮಿಲಿಗ್ರಾಂ. ಅಪಾಯ ಇರುವುದು ಬೇರೆ ಕಡೆ. ವಾಸನೆ ಜಾಸ್ತಿಯಾದರೆ ಜನ ಒಳ್ಳೆ ನೀರು ಬಿಟ್ಟು ಹಳ್ಳಕ್ಕೆ ಹೋಗುತ್ತಾರೆ. ಕಾಲರಾ ಇರುವುದು ಹಳ್ಳದಲ್ಲಿ. ಹುಡುಗ ಓಡಿಹೋಗಿ ಅವರಿಬ್ಬರನ್ನು ವಾಪಸ್ ಕರೆತಂದ. ನಾವು ನಲ್ಲಿ ನಿಲ್ಲಿಸಿ, ಅರ್ಧ ಟ್ಯಾಂಕ್ ಖಾಲಿ ಮಾಡಿ, ಹೊಸ ನೀರು ತುಂಬಿಸಿದೆವು. ಎರಡು ಗಂಟೆ ಜನ ಬಿಸಿಲಿನಲ್ಲಿ ಕಾದರು. ನಾನು ಟ್ಯಾಂಕಿನ ಹಿಂದೆ ಕೂತು ಅತ್ತೆ. ಏನಾಯಿತು ಅಂತ ಆ ಹುಡುಗ ಕೇಳಿದ. ಆಗ ಹೇಳಿದೆ.

"ಪೆಪಾನಿ" ಅಂದ ಅವನು. ಚಿಚೆವಾ ಭಾಷೆಯಲ್ಲಿ ಯಾರಾದರೂ ಎಡವಿದರೂ ಅದನ್ನೇ ಹೇಳುತ್ತಾರೆ, ಸಾವಿನ ಮನೆಯಲ್ಲೂ ಅದನ್ನೇ ಹೇಳುತ್ತಾರೆ. ಆಮೇಲೆ ಅವನು ನನ್ನ ಕೈಯಿಂದ ಅಳತೆಯ ಜಗ್ ತೆಗೆದುಕೊಂಡ.

ಸುದ್ದಿ ಶಾಲೆಯಲ್ಲೆಲ್ಲ ಹರಡಿತು. ಸಂಜೆ ನಲ್ಲಿ ಸಮಿತಿಯ ಹೆಂಗಸರು ಬಂದು ನನ್ನ ಪಕ್ಕ ನೆಲದ ಮೇಲೆ ಕೂತರು. ಮಾತಿಲ್ಲ. ಸುಮ್ನೆ ಕೂತರು. ಅಲ್ಲಿ ಸಾವಾದ ಮನೆಗೆ ಹೆಂಗಸರು ಹೋಗಿ ಹಾಗೆ ಕೂರುತ್ತಾರೆ. ಮಲಿರೊ ಅನ್ನುತ್ತಾರೆ ಸಾವಿನ ಕಾರ್ಯಕ್ಕೆ. ಹಳ್ಳಿಯಲ್ಲಿ ಮಲಿರೊ ಇದ್ದರೆ ಆ ದಿನ ಹೊಲದ ಕೆಲಸವೂ ಇಲ್ಲ, ಸಭೆಯೂ ಇಲ್ಲ. ನಾನು ಬಂದ ಹೊಸತರಲ್ಲಿ ಇದರಿಂದ ಬೇಸರಪಟ್ಟವಳು. ಬೋರ್‌ವೆಲ್ ಕೆಲಸ ಅರ್ಧಕ್ಕೆ ನಿಂತಿದೆ, ಇವತ್ತೂ ಮಲಿರೊ ಅನ್ನುತ್ತಾರಲ್ಲ ಅಂತ ಡೈರಿಯಲ್ಲಿ ಬರೆದುಕೊಂಡಿದ್ದೆ. ಅವರು ನನಗಾಗಿ ಕೂತಾಗ ಆ ಸಾಲು ನೆನಪಾಗಿ ನಾಚಿಕೆಯಾಯಿತು.

ಅವರಲ್ಲಿ ಒಬ್ಬರ ಮಗ ಮಣ್ಣಿನಡಿ ಸಿಕ್ಕಿ ಹೋಗಿದ್ದ. ನನಗೆ ಅವರ ಮುಖ ನೋಡಲು ಆಗಲಿಲ್ಲ. "ನಿಮ್ಮ ದುಃಖದ ಮುಂದೆ ನನ್ನದು ಏನೂ ಅಲ್ಲ ಅಮಾಯಿ" ಅಂದೆ. ಅಮಾಯಿ ಅಂದರೆ ಅಲ್ಲಿ ಅಮ್ಮ. ಹುಡುಗ ಅದನ್ನು ಅವರ ಭಾಷೆಯಲ್ಲಿ ಹೇಳಿದ. ಅವರಿಗೆ ನನ್ನ ಮಾತು ಅರ್ಥವೇ ಆಗಲಿಲ್ಲ ಅಂತ ಕಾಣುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ಚಿಕ್ಕಮ್ಮನ ಹೆಸರೇನು ಅಂತ ಕೇಳಿದರು. ಹೇಳಿದೆ. ಅವರು ಆ ಹೆಸರನ್ನು ಎರಡು ಸಲ ಹೇಳಿ ನೋಡಿದರು. ಮೂರನೇ ಸಲ ಸರಿಯಾಗಿ ಬಂತು.

ಮರುದಿನದಿಂದ ಕೆಲಸ ಬದಲಿಸಿಕೊಂಡೆ. ಕ್ಲೋರಿನ್ ಲೆಕ್ಕ, ಅಳತೆ, ಯಾವ ಬೋರ್‌ವೆಲ್ ತೆರೆಯಬೇಕು ಅನ್ನುವ ತೀರ್ಮಾನ ಇವೆಲ್ಲ ಎರಡು ವಾರ ಬೇರೆಯವರ ಕೈಗೆ. ನಾನು ಏನೇ ಬರೆದರೂ ಇನ್ನೊಬ್ಬರು ನೋಡಿ ಸಹಿ ಹಾಕಬೇಕು. ನಾನು ಕೈಪಂಪು ರಿಪೇರಿಗೆ ಹೋದೆ. ಮಲಾವಿಯಲ್ಲಿ ಹೆಚ್ಚಾಗಿ ಇರುವುದು ಆಫ್ರಿಡೆವ್ ಪಂಪು. ಹಳ್ಳಿಯವರೇ ಬಿಚ್ಚಿ ಜೋಡಿಸಲಿ ಅಂತಲೇ ಮಾಡಿದ ಪಂಪು ಅದು. ಹೆಚ್ಚಿನ ಕೆಲಸಕ್ಕೆ ಒಂದು ಸ್ಪ್ಯಾನರ್ ಸಾಕು. ರಾಡುಗಳನ್ನು ಒಂದೊಂದಾಗಿ ಮೇಲೆ ಎಳೆಯಬೇಕು, ಸವೆದ ಸೀಲ್ ತೆಗೆದು ಹೊಸದು ಹಾಕಬೇಕು, ಮತ್ತೆ ಇಳಿಸಬೇಕು. ಪ್ರವಾಹದ ನೀರು ಹೊಕ್ಕ ಬೋರ್‌ವೆಲ್ ಆದರೆ ಕೆಸರು ಹೋಗುವ ತನಕ ಪಂಪ್ ಹೊಡೆಯಬೇಕು, ಜೋರಾಗಿ ಕ್ಲೋರಿನ್ ಹಾಕಿ ರಾತ್ರಿಯಿಡೀ ಬಿಡಬೇಕು, ಬೆಳಿಗ್ಗೆ ವಾಸನೆ ಹೋಗುವ ತನಕ ಮತ್ತೆ ಹೊಡೆಯಬೇಕು. ತೋಳು ನೋಯುವ ಕೆಲಸ. ತಲೆಗೆ ಕೆಲಸ ಕಡಿಮೆ. ನನಗೆ ಬೇಕಾಗಿದ್ದದ್ದು ಅದೇ. ರಾಡು ಎಳೆಯುತ್ತಾ ಅತ್ತರೂ ಯಾರ ನೀರೂ ಕೆಡುವುದಿಲ್ಲ.

ಈಗ ತಂಡಕ್ಕೆ ಹೊಸಬರು ಬಂದರೆ ನಾನು ಮೊದಲ ದಿನವೇ ಕೇಳುತ್ತೇನೆ: ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವಾ? ಏನಾದರೂ ಆದರೆ ನಿಮಗೆ ಯಾರು ಫೋನ್ ಮಾಡುತ್ತಾರೆ? ಮನೆಯವರ ಹತ್ತಿರ ಒಂದು ಮಾತು ಮೊದಲೇ ಆಡಿಕೊಳ್ಳಿ ಅನ್ನುತ್ತೇನೆ, ಕಾಯಬೇಕಾ ಬೇಡವಾ ಅಂತ. ಕೆಲವರಿಗೆ ಇದು ಅಪಶಕುನದ ಮಾತಿನಂತೆ ಕೇಳಿಸುತ್ತದೆ. ಆದರೂ ಕೇಳುತ್ತೇನೆ. ರಜೆಯ ನಿಯಮ ಪೂರ್ತಿ ಓದಿ, ನಿಮ್ಮನ್ನು ಸಾಕಿದವರ ಹೆಸರು ಕೆಲಸಕ್ಕೆ ಸೇರುವಾಗಲೇ ಬರೆಸಿ ಅಂತಲೂ ಹೇಳುತ್ತೇನೆ. ಸುದ್ದಿ ಬಂದ ದಿನ ಯಾರಾದರೂ "ನಾನು ಚೆನ್ನಾಗಿದ್ದೇನೆ" ಅಂದರೆ ಜಗ್ ಅವರ ಕೈಗೆ ಕೊಡುವುದಿಲ್ಲ.

ತಮ್ಮ ಕಾರ್ಯದ ವಿಡಿಯೊ ಕಳಿಸಿದ್ದ. ಅಲ್ಲಿದ್ದಾಗ ನೋಡಲಿಲ್ಲ. ದಿನಾ ಸಂಜೆ ದಿಬ್ಬದ ಹತ್ತಿರ ಗಾಡಿ ನಿಲ್ಲಿಸಿ ಹತ್ತು ನಿಮಿಷ ಕೂರುತ್ತಿದ್ದೆ. ಡ್ರೈವರ್ ಇಳಿದು ದೂರ ಹೋಗಿ ನಿಲ್ಲುತ್ತಿದ್ದರು. ಚಿಕ್ಕಪ್ಪನಿಗೆ ಫೋನ್ ಮಾಡುತ್ತಿದ್ದೆ. ಅವರು ಜಾಸ್ತಿ ಮಾತಾಡುವವರಲ್ಲ. ಮೊದಲೆಲ್ಲ ನಾನು ಫೋನ್ ಮಾಡಿದರೆ "ಇರು, ಕೊಡ್ತೀನಿ" ಅಂತ ಚಿಕ್ಕಮ್ಮನ ಕೈಗೆ ಕೊಟ್ಟುಬಿಡುತ್ತಿದ್ದರು. ಈಗ ಕೊಡಲು ಯಾರೂ ಇಲ್ಲ. ಇಬ್ಬರೂ ಫೋನ್ ಹಿಡಿದುಕೊಂಡು ಸುಮ್ಮನಿರುತ್ತಿದ್ದೆವು. ಊಟ ಆಯ್ತಾ ಅಂದರೆ ಆಯ್ತು. ಮಲಗಿದ್ರಾ ಅಂದರೆ ಇಲ್ಲ.

ನಾಲ್ಕನೇ ವಾರ ಒಂದು ಸಂಜೆ, ಹಾಗೆಯೇ ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರೇ ಕೇಳಿದರು:

"ನೀರು ಬಂತಾ?"

"ಬಂತು ಚಿಕ್ಕಪ್ಪ. ಮಧ್ಯಾಹ್ನ ಬಂತು."

"ಎಷ್ಟು ಜನಕ್ಕೆ ಸಾಕಾಗುತ್ತೆ?"

ಒಂದು ಕೈಪಂಪಿಗೆ 500 ಜನ ಅಂತ ಲೆಕ್ಕ ಇಟ್ಟುಕೊಳ್ಳುತ್ತೇವೆ ಅಂದೆ. ಅವರು ಆಳ ಎಷ್ಟು ಅಂತ ಕೇಳಿದರು. ಆಮೇಲೆ ರಾಡು ಯಾವುದರದ್ದು ಅಂತ ಕೇಳಿದರು. ಡ್ರೈವರ್ ಎರಡು ಸಲ ತಿರುಗಿ ನೋಡಿದರು. ಕತ್ತಲಾಗುವ ತನಕ ಮಾತಾಡಿದೆವು.